ಖಾಲಿ ಘೋಡಾ

ನಮ್ಮ ಕಡೆ ಬಂದೂಕಿನ ಕುದುರೆಗೆ ಘೋಡಾ ಅನ್ನುತ್ತಾರೆ. ಬೆರಳಿನಿಂದ ಎಳೆಯುವ ಕೊಕ್ಕೆಗೂ ಅದೇ ಹೆಸರು, ಎಳೆದಾಗ ಒಳಗೆ ಬಡಿಯುವ ಸುತ್ತಿಗೆಗೂ ಅದೇ ಹೆಸರು. ನಮ್ಮ ಮನೆಯಲ್ಲಿ ಒಂದು ಬಂದೂಕಿತ್ತು. ಒಳಗೆ ಗುಂಡಿಲ್ಲದಾಗ ಅದರ ಘೋಡಾ ಬಿಡಬಾರದು ಅನ್ನುವುದು ಅಪ್ಪನ ಕಟ್ಟಪ್ಪಣೆ. ಅಪ್ಪ ತೀರಿಕೊಂಡ ಮೇಲೆ ಬಂದೂಕು ಮತ್ತು ಅದರ ಲೈಸೆನ್ಸು ಅಣ್ಣನ ಹೆಸರಿಗೆ ಬಂದವು. ಕಟ್ಟಪ್ಪಣೆಯೂ ಅವುಗಳ ಜೊತೆಗೇ ಬಂತು. ಅದನ್ನು ಮುರಿದವಳು ನಾನು. ಮುರಿದದ್ದಕ್ಕಿಂತ ದೊಡ್ಡ ತಪ್ಪು ಆಮೇಲೆ ಮಾಡಿದೆ. ಎರಡನ್ನೂ ಬರೆಯಬೇಕು ಅಂತ ಕೂತಿದ್ದೇನೆ. ನಾನು ಕಲಿತದ್ದು ಆರನೆಯ ಇಯತ್ತೆಯವರೆಗೆ. ಜಂಪರಿನ ಅಳತೆ ಬಿಟ್ಟರೆ ಬೇರೇನೂ ಬರೆದ ರೂಢಿ ಇಲ್ಲ.

ಅದು ಸಣ್ಣ ಜಾತಿಯ ರೈಫಲ್ಲು. ಪಾಯಿಂಟ್ ಟೂ ಟೂ ಅನ್ನುತ್ತಾರೆ. ಗುಂಡು ನನ್ನ ಕಿರುಬೆರಳಿಗಿಂತ ತೆಳ್ಳಗೆ. ಕೆಳಗಿನ ಡಬ್ಬಿಯಲ್ಲಿ ಹತ್ತು ಗುಂಡು ಹಿಡಿಯುತ್ತವೆ. ಒಂದು ಹಾರಿದ ಕೂಡಲೆ ಮುಂದಿನದು ತಾನಾಗಿಯೇ ಬಂದು ಕೂರುತ್ತದೆ, ನಾವು ಬರೀ ಬೆರಳು ಎಳೆಯುತ್ತ ಹೋಗುವುದು. ಆದರೆ ಹತ್ತನೆಯದು ಹಾರಿದ ಮೇಲೆ ‘ಮುಗೀತು’ ಅಂತ ಅದು ಹೇಳುವುದಿಲ್ಲ. ಮೊದಲಿನ ಹಾಗೆಯೇ ಮುಚ್ಚಿಕೊಂಡು, ಘೋಡಾ ಏರಿಸಿಕೊಂಡು ಕೂರುತ್ತದೆ. ಅದಕ್ಕೇ ಎಣಿಸಬೇಕು. ಕುಪ್ಪೇಲೂರಿನ ನಮ್ಮ ಹೊಲಕ್ಕೆ ಹಂದಿ ಬಂದಾಗ ಅಪ್ಪ ಆಕಾಶಕ್ಕೆ ಹೊಡೆಯುತ್ತಿದ್ದ. ಬದುವಿನ ಮೇಲೆ ನಿಂತು ಅಣ್ಣ ಮತ್ತು ನಾನು ಜೋರಾಗಿ ಎಣಿಸುತ್ತಿದ್ದೆವು. ಹತ್ತು ಅಂದ ಕೂಡಲೆ ಅಪ್ಪ ಬೆರಳು ತೆಗೆದುಬಿಡುತ್ತಿದ್ದ.

“ಹನ್ನೊಂದನೇದ ಎಳೀಬಾರ್ದು,” ಅನ್ನುತ್ತಿದ್ದ. ಯಾಕೆ ಅಂತ ನನಗೆ ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳದೆ ಇದ್ದುದಕ್ಕೆ ಕಾರಣ ಇದೆ. ನಮ್ಮ ಮನೆಯಲ್ಲಿ ಖಾಲಿ ಇದ್ದಾಗ ಆಡಿಸಬಾರದ ಸಾಮಾನು ಬಹಳ ಇದ್ದವು. ಖಾಲಿ ಕತ್ತರಿ ಆಡಿಸಬಾರದು, ಜಗಳ ಬರುತ್ತದೆ. ಖಾಲಿ ಬೀಸುಕಲ್ಲು ತಿರುವಬಾರದು. ಬೀಸುವುದು ಮುಗಿದ ಮೇಲೂ ಅವ್ವ ನಾಲ್ಕು ಕಾಳು ಜೋಳ ಕಲ್ಲಿನ ಬಾಯಿಗೆ ಹಾಕಿ ಏಳುತ್ತಿದ್ದಳು. ಎಲ್ಲಕ್ಕಿಂತ ದೊಡ್ಡದು ತೊಟ್ಟಿಲು. ಕೂಸಿಲ್ಲದ ತೊಟ್ಟಿಲು ತೂಗಬಾರದು. ಅಪ್ಪನ ಮಾತನ್ನೂ ನಾನು ಅದೇ ಸಾಲಿಗೆ ಸೇರಿಸಿಕೊಂಡೆ. ಅಣ್ಣ ಕೆಲಸದಿಂದ ಬಂದು ಬಂದೂಕು ಎತ್ತಿಡುವ ಮೊದಲು, ಕಿಸೆಯಲ್ಲಿದ್ದ ಹಾರಿದ ಗುಂಡಿನ ಖಾಲಿ ಹಿತ್ತಾಳೆ ಕೊಳವೆಯನ್ನು ಒಳಗೆ ಗುಂಡು ಕೂರುವ ಬಾಯಿಗೆ ಇಟ್ಟು, ಆಮೇಲೆ ಘೋಡಾ ಬಿಡುತ್ತಿದ್ದ. ಅದನ್ನು ನೋಡಿದಾಗ ನನಗೆ ಅವ್ವನ ನಾಲ್ಕು ಕಾಳು ಜೋಳವೇ ನೆನಪಾಗುತ್ತಿತ್ತು. ಗಂಡಸರಿಗೂ ಅವರದೇ ಒಂದು ಶಾಸ್ತ್ರ ಇದೆ ಅಂತ ಒಳಗೇ ನಗುತ್ತಿದ್ದೆ.

ನನ್ನನ್ನು ಹಾವೇರಿ ಹತ್ತಿರದ ಒಂದು ಊರಿಗೆ ಕೊಟ್ಟಿದ್ದರು. ಎಂಟು ವರ್ಷ ಇದ್ದೆ. ಮಕ್ಕಳಾಗಲಿಲ್ಲ. ಗಂಡನ ಮನೆಯವರು ಅವನಿಗೆ ಇನ್ನೊಂದು ಮದುವೆಯ ಮಾತು ಎತ್ತಿದ ವರ್ಷ ನಾನು ಹೊಲಿಗೆ ಮಶೀನು ಹೊರಿಸಿಕೊಂಡು ರಾಣೆಬೆನ್ನೂರಿಗೆ, ಅಣ್ಣನ ಮನೆಗೆ ಬಂದೆ. ಬಂದ ವರ್ಷವೇ ಅಣ್ಣನ ಹೆಂಡತಿ, ನನ್ನ ವೈನಿ, ಹಡೆದಳು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿದರು. ಕೂಸಿನ ಮೈಗೆ ಸರಿ ಇಲ್ಲ ಅಂತ ವೈನಿ ದೀಪಾವಳಿಗೆ ತವರಿಗೆ ಹೋದವಳು ಐದಾರು ತಿಂಗಳು ಅಲ್ಲೇ ಉಳಿದಳು. ತೊಟ್ಟಿಲು ಹಾಗೇ ತೂಗುಬಿದ್ದಿತ್ತು. ಕಸ ಹೊಡೆಯುವಾಗ ನನ್ನ ಭುಜ ತಾಗಿ ಅದು ಅಲುಗಿದರೂ ಅವ್ವ ಒಳಗಿನಿಂದ ಕೂಗುತ್ತಿದ್ದಳು.

“ಏ, ತೊಟ್ಲ ಹಿಡಿ! ಖಾಲಿ ತೊಟ್ಲ ತೂಗಬ್ಯಾಡ ಅಂತ ಎಷ್ಟ ಸರ್ತಿ ಹೇಳಬೇಕ ನಿನಗ?”

“ಭುಜಾ ತಾಗಿತ ಬೇ.”

“ತಾಗಸಬ್ಯಾಡ. ನಿನಗಂತೂ ಇದೆಲ್ಲಾ ಗೊತ್ತಿರಬೇಕು.”

ನನಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ನಾನು ಖಾಲಿ ತೊಟ್ಟಿಲು ತೂಗಿದವಳಲ್ಲ, ಖಾಲಿ ಕತ್ತರಿ ಆಡಿಸಿದವಳಲ್ಲ, ಖಾಲಿ ಕಲ್ಲು ತಿರುವಿದವಳಲ್ಲ. ಎಲ್ಲವನ್ನೂ ಪಾಲಿಸಿ ನನಗೆ ಸಿಕ್ಕಿದ್ದು ಏನು ಅಂತ ಕೈಯಲ್ಲಿ ಕಸಬರಿಗೆ ಹಿಡಿದು ನಿಂತುಕೊಂಡು ಯೋಚಿಸುತ್ತಿದ್ದೆ. ಆ ಮನೆಯಲ್ಲಿ ಎರಡು ಕೋಣೆ. ಒಂದರಲ್ಲಿ ಅವ್ವ, ಒಂದರಲ್ಲಿ ನನ್ನ ಮಶೀನು, ನಡುವೆ ಆ ತೊಟ್ಟಿಲು. ಎಲ್ಲಿಗೆ ಹೋಗಬೇಕಾದರೂ ಅದಕ್ಕೆ ತಾಗದ ಹಾಗೆ ಬಗ್ಗಿ ಹೋಗಬೇಕಿತ್ತು.

ಅಣ್ಣ ಆಗ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಗನ್‌ಮ್ಯಾನ್ ಆಗಿದ್ದ. ಸ್ವಂತ ಬಂದೂಕು ಇದ್ದವರಿಗೇ ಆ ಕೆಲಸ. ಇಷ್ಟು ಸಣ್ಣ ಬಂದೂಕಿನವನನ್ನು ಬೇರೆ ಯಾರೂ ಇಟ್ಟುಕೊಳ್ಳುತ್ತಿರಲಿಲ್ಲವೇನೋ. ಆದರೆ ಆ ಮಾಲೀಕರಿಗೆ ಬೇಕಾದದ್ದು ಹೆಗಲಿಗೆ ಬಂದೂಕು ಹಾಕಿಕೊಂಡು ಗೇಟಿನಲ್ಲಿ ಕಾಣಿಸುವ ಒಬ್ಬ ಮನುಷ್ಯ, ಅಷ್ಟೆ. ಒಮ್ಮೆ ಊಟದ ಡಬ್ಬಿ ಕೊಡಲು ಹೋಗಿದ್ದಾಗ ಹಮಾಲರು ಅವನನ್ನು ಕಾಡಿಸುವುದನ್ನು ಕೇಳಿದ್ದೆ.

“ಏನಪಾ ಗನ್‌ಮ್ಯಾನ್, ಈ ಬಂದೂಕಿಗೆ ಗುಬ್ಬಿಯರ ಸಾಯ್ತೈತೇನು?”

“ಮೆಣಸಿನಕಾಯಿ ಕದಿಯೋ ಗುಬ್ಬಿ ಆದ್ರ ಸಾಯ್ತೈತಿ. ಎಲ್ಲಿ, ನಿನ್ನ ಕಿಸೆ ತೋರ್ಸು.”

ಚೀಲ ಹೊತ್ತವರು ಹೊತ್ತುಕೊಂಡೇ ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ. ಆ ಗೇಟಿನಲ್ಲಿ ಅವನು ನಿಲ್ಲುವ ರೀತಿಯೇ ಬೇರೆ ಇತ್ತು. ಮನೆಯಲ್ಲಿ ನಾನು ಕಂಡ ಅಣ್ಣನಿಗಿಂತ ಒಂದು ಗೇಣು ಎತ್ತರ ಇದ್ದ ಹಾಗೆ.

ವಾರಕ್ಕೊಂದು ರಜೆ. ರಜೆಯ ದಿನ ಅವನು ಕುಪ್ಪೇಲೂರಿನ ಹೊಲ ನೋಡಿಬರಲು ಬೆಳಗಿನ ಬಸ್ಸಿಗೆ ಹೋಗುತ್ತಿದ್ದ. ಬಂದೂಕು ಮನೆಯಲ್ಲಿರುತ್ತಿತ್ತು. ಗುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ ಹಾಕಿ ಅದರ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದ. ಬಂದೂಕಿನ ಕಪಾಟಿನ ಬೀಗದ ಕೈ ಮಾತ್ರ ನನಗೆ ಕೊಡುತ್ತಿದ್ದ. ಮೆಣಸಿನಕಾಯಿಯ ಧೂಳು ಎಲ್ಲದರ ಸಂದಿಗೂ ಹೋಗುತ್ತದೆ, ವಾರಕ್ಕೊಮ್ಮೆ ಒರೆಸಿ ಎಣ್ಣೆ ಹಾಕಲೇಬೇಕು. ಅವನ ಕೈ ದಪ್ಪ. ನನ್ನದು ಸೂಜಿ ಪೋಣಿಸುವ ಕೈ, ಎಣ್ಣೆಯೂ ನನ್ನ ಮಶೀನಿನದೇ.

“ಲೈಸೆನ್ಸ ಇಲ್ದವರು ಮುಟ್ಟಬಾರ್ದಂತಲ್ಲೋ ಅಣ್ಣಾ?” ಅಂದಿದ್ದೆ.

“ಹೊಡ್ಯಾಕ ಬೇಕು ಲೈಸೆನ್ಸ. ಒರಸಾಕ ಯಾರ ಕೇಳ್ತಾರ? ಖಾಲಿ ಹೊಡೀಬ್ಯಾಡ ಮತ್ತ, ಅಷ್ಟ.”

ಅಷ್ಟೇ ಅವನು ಹೇಳಿದ್ದು. ಅವ್ವ ತೊಟ್ಟಿಲಿನ ಬಗ್ಗೆ ಹೇಳುವ ಅದೇ ದನಿ.

ಮೊದಲ ಸಲ ಹೊಡೆದದ್ದು ಒಂದು ಮಧ್ಯಾಹ್ನ. ಅವ್ವ ಓಣಿಯಲ್ಲಿ ಯಾರದೋ ಮನೆಗೆ ಹೋಗಿದ್ದಳು. ಹೋಗುವ ಮುಂಚೆ ತೊಟ್ಟಿಲಿನ ವಿಷಯಕ್ಕೆ ಇನ್ನೊಮ್ಮೆ ಬೈದಿದ್ದಳು. ನಾನು ಬಾಗಿಲು ಹಾಕಿಕೊಂಡು ಬಂದೂಕು ತೊಡೆಯ ಮೇಲೆ ಇಟ್ಟು ಒರೆಸುತ್ತಿದ್ದೆ. ಖಾರದ ಘಾಟಿಗೆ ಕಣ್ಣಲ್ಲಿ ನೀರು. ಗುಂಡಿನ ಬಾಯಿ ಮುಚ್ಚುವ ಕಬ್ಬಿಣದ ತುಂಡಿಗೆ ಬೋಲ್ಟು ಅನ್ನುತ್ತಾರೆ; ಅದನ್ನು ಹಿಂದಕ್ಕೆ ಎಳೆದು ಒಳಗೆ ಎಣ್ಣೆ ಬಿಟ್ಟು ಮುಂದಕ್ಕೆ ಬಿಟ್ಟೆ. ಘೋಡಾ ಏರಿ ಕೂತಿತು. ಬೆರಳು ಅಲ್ಲೇ ಇತ್ತು. ಎಳೆದೆ.

ಟಕ್.

ಏನೂ ಆಗಲಿಲ್ಲ. ಜಗಳ ಬರಲಿಲ್ಲ, ಯಾರೂ ಸಾಯಲಿಲ್ಲ. ಒಂದು ಸಣ್ಣ, ಸ್ವಚ್ಛ ಸಪ್ಪಳ, ಅಷ್ಟೆ. ಆ ಮನೆಯಲ್ಲಿ ನಾನು ಶುರು ಮಾಡಿದ್ದು ಯಾವುದೂ ಮುಗಿಯುತ್ತಿರಲಿಲ್ಲ. ಮಾತು ಮುಗಿಯುತ್ತಿರಲಿಲ್ಲ, ಅಳು ಮುಗಿಯುತ್ತಿರಲಿಲ್ಲ. ಇದು ಮಾತ್ರ ಎಳೆದ ಕೂಡಲೆ ಮುಗಿಯಿತು. ಮತ್ತೆ ಬೋಲ್ಟು ಎಳೆದೆ. ಮತ್ತೆ ಟಕ್. ಆ ದಿನ ಹತ್ತು ಎಣಿಸಿದೆ, ಆಮೇಲೆ ಬೇಕಂತಲೇ ಹನ್ನೊಂದನೆಯದನ್ನೂ ಎಳೆದೆ.

ಮುಂದಿನ ವಾರವೂ ಎಳೆದೆ. ಅದರ ಮುಂದಿನ ವಾರವೂ. ಬರಬರುತ್ತ ವಾರದ ಆರು ದಿನ ಆ ಮಧ್ಯಾಹ್ನಕ್ಕಾಗಿ ಕಾಯುವ ಹಾಗಾಯಿತು. ಹತ್ತು ಇಪ್ಪತ್ತಾಯಿತು, ಒಂದೊಂದು ದಿನ ಎಣಿಕೆಯೇ ತಪ್ಪುತ್ತಿತ್ತು. ಅವ್ವ ಏನಾದರೂ ಅಂದ ವಾರ ಹೆಚ್ಚು. ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆ ನಾನೇ ಹೇಳುತ್ತಿದ್ದೆ: ಅಡಿಯಲ್ಲಿ ಬಟ್ಟೆ ಇಲ್ಲದೆ ಮಶೀನಿನ ಪಾದ ಇಳಿಸಿ ತುಳಿಯಬೇಡಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಬಟ್ಟೆ ಸರಿಸುವ ಹಲ್ಲು ಸವೆಯುತ್ತವೆ. ಬಾಯಲ್ಲಿ ಅದನ್ನು ಹೇಳುತ್ತ, ಕೈಯಲ್ಲಿ ಇದನ್ನು ಮಾಡುತ್ತ ಐದು ತಿಂಗಳು ಕಳೆದೆ. ಎರಡೂ ಒಂದೇ ಮಾತು ಅಂತ ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಅಂತ ಬರೆಯುತ್ತೇನೆ, ಆದರೆ ಹೊಳೆಯಗೊಡಲಿಲ್ಲ ಅನ್ನುವುದೇ ಸರಿ ಇರಬೇಕು.

ಬೇಸಿಗೆಯಲ್ಲಿ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಜಮಾ ಮಾಡಬೇಕು. ಅಣ್ಣ ಹೊರಟಾಗ ನಾನೂ ಪೇಟೆಯಲ್ಲಿ ದಾರದ ಉಂಡೆ ತರಲು ಜೊತೆಗೆ ಹೋದೆ. ಠಾಣೆಯಲ್ಲಿ ಬಂದೂಕು ತೆಗೆದುಕೊಳ್ಳುತ್ತಿದ್ದವರು ಒಬ್ಬ ಹಿರಿಯ ಹವಾಲ್ದಾರರು. ಇಪ್ಪತ್ತು ವರ್ಷದಿಂದ ಆ ಕೋಣೆಯ ಬೀಗದ ಕೈ ಅವರದೇ ಸೊಂಟದಲ್ಲಿ. ಅವರು ಪುಸ್ತಕದಲ್ಲಿ ನಂಬರು ಬರೆದುಕೊಂಡು, “ಘೋಡಾ ಬಿಟ್ಟ ತೋರಸ್ರಿ,” ಅಂದರು. ಎಲ್ಲರ ಬಂದೂಕಿಗೂ ಅದೇ ಪದ್ಧತಿ. ನಳಿಗೆಯ ತುದಿ ನೆಲಕ್ಕೆ ಹಿಡಿದು ಎಳೆದು ತೋರಿಸಿದರೆ ಒಳಗೆ ಏನೂ ಇಲ್ಲ ಅಂತ ಖಾತ್ರಿ.

“ಖಾಲಿ ಬಿಡಬಾರ್ದ್ರಿ ಸಾಹೇಬ್ರ ಇದನ್ನ,” ಅಂದ ಅಣ್ಣ.

“ಯಾಕ, ಅಳತೈತೇನು?”

“ಕೆಡತೈತ್ರಿ. ಈ ಕೊಳವಿ ಇಟ್ಟ ಬಿಡ್ತೇನಿ, ನೋಡ್ರಿ.” ಅಣ್ಣ ಕಿಸೆಯಿಂದ ಹಿತ್ತಾಳೆ ಕೊಳವೆ ತೆಗೆದ.

“ಏ ಮಾರಾಯ, ಖಾಲಿ ಅಂದ್ರ ಖಾಲಿ. ಕೊಳವಿ ಇಟ್ಟ ಮ್ಯಾಲ ಖಾಲಿ ಹೆಂಗ ಆತು? ನಾ ಏನಂತ ಬರೀಲಿ?”

“ಹಂಗಾರ ಘೋಡಾ ಏರಿಸಿದ್ದು ಏರಿಸಿದಂಗ ಇಡ್ರಿ. ಬಿಡಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ.”

ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ಹವಾಲ್ದಾರರೂ ನಕ್ಕು, ಹಾಗಾದರೆ ಕಣ್ಣಿಂದಲೇ ನೋಡುತ್ತೇನೆ ಅಂತ ಬೋಲ್ಟು ಹಿಂದಕ್ಕೆ ಎಳೆದರು. ಅದು ನಿಲ್ಲದೆ ಮತ್ತೆ ಮತ್ತೆ ಮುಂದಕ್ಕೆ ಜಾರುತ್ತಿತ್ತು. ಅಣ್ಣನ ಎರಡೂ ಕೈಯಲ್ಲಿ ಕಾಗದಗಳು. ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

“ಪೂರ್ತಿ ಹಿಂದಕ್ಕ ಎಳದು ಒಳಗ ಒತ್ತ್ರಿ ಸಾಹೇಬ್ರ, ನಿಲ್ತೈತಿ.”

ಅವರು ಒತ್ತಿದರು. ನಿಂತಿತು. ಬ್ಯಾಟರಿ ಹಾಕಿ ಒಳಗೆ ನೋಡಿದರು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದರು, ಕೈ ನೋಡಿದರು. ಬೋಲ್ಟನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟು, ಚೀಟಿಯ ಮೇಲೆ ‘ಖಾಲಿ ಇದೆ, ಘೋಡಾ ಬಿಟ್ಟಿಲ್ಲ’ ಅಂತ ದುಂಡಗೆ ಬರೆದು ಬಂದೂಕಿನ ಕೊರಳಿಗೆ ಕಟ್ಟಿದರು.

ಎರಡು ತಿಂಗಳ ಮೇಲೆ ಬಂದೂಕು ಮರಳಿ ಬಂತು. ಅದೇ ಚೀಟಿ, ಅದೇ ಗಂಟು. ಮತ್ತೆ ಗೇಟಿಗೆ ನಿಲ್ಲುವ ಮೊದಲು ಅದು ಸರಿಯಾಗಿ ಹಾರುತ್ತದೆ ಅನ್ನುವ ಕಾಗದ ಬೇಕು ಅಂತ ಮಾಲೀಕರು ಕೇಳಿದರು. ಅಣ್ಣ ಪರವಾನಗಿ ಪಡೆದು ಹಾವೇರಿಯ ಕಡೆ ಗುಂಡು ಹಾರಿಸುವ ಜಾಗಕ್ಕೆ ಹೋದ. ಸಂಜೆ ಬಂದವನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತ. ಹತ್ತರಲ್ಲಿ ಆರು ಹಾರಿದ್ದವು. ನಾಲ್ಕು ಹಾರದೆ ಹಾಗೇ ಹೊರಗೆ ಬಂದಿದ್ದವು. ಮರುದಿನ ಹುಬ್ಬಳ್ಳಿಯಲ್ಲಿ ಬಂದೂಕು ರಿಪೇರಿ ಮಾಡುವ ಒಬ್ಬರ ಬಳಿ ಹೋದ. ಅವರು ಭೂತಗನ್ನಡಿ ಇಟ್ಟು ನೋಡಿ ಹೇಳಿದ್ದನ್ನು ಅಣ್ಣ ಮನೆಗೆ ಬಂದು ಅವ್ವನಿಗೆ ಹೇಳಿದ. ಮಶೀನಿನ ಮುಂದೆ ಕೂತು ನಾನೂ ಕೇಳಿಸಿಕೊಂಡೆ.

“ದೊಡ್ಡ ಬಂದೂಕಿನ ಗುಂಡಿಗೆ ಮದ್ದಿನ ಬೊಟ್ಟು ನಡುವ ಇರ್ತೈತಿ ಬೇ. ಇದಕ್ಕ ಹಂಗಲ್ಲ, ಅಂಚಿನ್ಯಾಗ ಇರ್ತೈತಿ. ಪಿನ್ನು ಅಂಚಿಗೇ ಬಡೀಬೇಕು. ಗುಂಡ ಇಲ್ದಾಗ ಹೊಡದ್ರ ಆ ಪಿನ್ನು ಸೀದಾ ಹೋಗಿ ನಳಿಗಿ ಹಿಂದಿನ ಬಾಯಿ ಅಂಚಿಗೆ ಬಡೀತೈತಿ. ಕಬ್ಬಿಣಕ್ಕ ಕಬ್ಬಿಣ. ಪಿನ್ನೂ ಚಪ್ಪಟಿ ಆಗೇತಿ, ಅಂಚಿಗೂ ಉಗುರ ಊರಿದಂಗ ಕಚ್ಚ ಬಿದ್ದೈತಿ. ಒಂದೆರಡು ಸರ್ತಿಗೆ ಹಿಂಗ ಆಗಂಗಿಲ್ಲ, ನೂರಾರು ಸರ್ತಿ ಖಾಲಿ ಹೊಡದಾರ ಅಂದ ಅಂವ. ಪರದೇಶದ ಬಂದೂಕು, ಸಾಮಾನು ಸಿಗಂಗಿಲ್ಲಂತ.”

“ಯಾರ ಹೊಡದಾರ?” ಅಂದಳು ಅವ್ವ.

“ಮತ್ತ್ಯಾರು? ಎರಡ ತಿಂಗಳ ಠಾಣ್ಯಾಗ ಇತ್ತಲ್ಲ. ಬ್ಯಾಡ ಬ್ಯಾಡ ಅಂದೆ. ನಾವು ಬಂದ ಮ್ಯಾಲ ಆಟಾ ಆಡ್ಯಾರ ಪೊಲೀಸ ಮಕ್ಳು.”

ನನ್ನ ಕಾಲು ಮಶೀನಿನ ಪಾವಟಿಗೆಯ ಮೇಲೆ ಇತ್ತು. ಆಗಲೇ ಹೇಳಬಹುದಿತ್ತು. ಆ ಗಳಿಗೆಯಲ್ಲಿ ಇನ್ನೂ ಯಾರ ಹೆಸರೂ ಯಾವ ಕಾಗದಕ್ಕೂ ಬಿದ್ದಿರಲಿಲ್ಲ. ಅಣ್ಣ ಬಯ್ಯುತ್ತಿದ್ದ, ಬಹಳ ಅಂದರೆ ಒಂದು ಏಟು ಹಾಕುತ್ತಿದ್ದ. ನಾನು ಬಟ್ಟೆಯನ್ನು ಮಶೀನಿನ ಪಾದದ ಕೆಳಗೆ ಸರಿಸಿ ತುಳಿಯತೊಡಗಿದೆ. ಆ ಹೊಲಿಗೆ ಡೊಂಕಾಯಿತು, ಆಮೇಲೆ ಬಿಚ್ಚಿದೆ.

ಮೂರನೆಯ ದಿನ ಅಣ್ಣ ಹಾವೇರಿಗೆ ಹೋಗಿ, ದೊಡ್ಡ ಪೊಲೀಸ್ ಕಚೇರಿಯ ಹೊರಗೆ ಟೈಪು ಮಾಡುವವನ ಬಳಿ ಠಾಣೆಯವರ ಮೇಲೆ ತಕರಾರು ಅರ್ಜಿ ಬರೆಸಿ ಕೊಟ್ಟುಬಂದ. ಬಂದೂಕನ್ನು ತನಿಖೆ ಮುಗಿಯುವವರೆಗೆ ಮತ್ತೆ ಠಾಣೆಯಲ್ಲಿ ಇಡಬೇಕಾಯಿತು. ಕೆಟ್ಟಿದ್ದರೂ ಅಣ್ಣ ಖಾಲಿ ಘೋಡಾ ಬಿಡಲು ಒಪ್ಪಲಿಲ್ಲ. ಏರಿಸಿದ್ದು ಏರಿಸಿದ ಹಾಗೆಯೇ, ಕೊರಳಿಗೆ ‘ಘೋಡಾ ಬಿಟ್ಟಿಲ್ಲ’ ಅನ್ನುವ ಚೀಟಿ ಕಟ್ಟಿಕೊಂಡು ಅದು ಮತ್ತೆ ಒಳಗೆ ಹೋಯಿತು.

ವಿಚಾರಣೆಗೆ ಒಬ್ಬ ಅಧಿಕಾರಿ ಮನೆಗೆ ಬರುತ್ತಾರೆ ಅಂತ ಗೊತ್ತಾದ ದಿನ ಅಣ್ಣ ನನ್ನನ್ನು ಹಿತ್ತಲಿಗೆ ಕರೆದ.

“ತಂಗಿ, ನೀ ಒರಸತಿದ್ದಿ ಅಂತ ಹೇಳಬ್ಯಾಡ. ಲೈಸೆನ್ಸ ಇಲ್ದವರ ಕೈಗೆ ಕೊಟ್ಟೀನಿ ಅಂತ ನನ್ನ ಮ್ಯಾಲ ಕೇಸ ಹಾಕ್ತಾರ, ನಿನ್ನನ್ನೂ ಎಳೀತಾರ. ಒರಸೋದು ಏನ ದೊಡ್ಡದಲ್ಲ. ಸುಮ್ಮ ಯಾಕ?”

ಅವನ ಪಾಲಿಗೆ ಅದೊಂದು ಸಣ್ಣ ಸುಳ್ಳು. ಅದರ ಕೆಳಗೆ ನನ್ನದು ಎಷ್ಟು ದೊಡ್ಡದು ಕೂತಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಆ ದಿನದಿಂದ ಎರಡೂ ಒಂದೇ ಹಗ್ಗಕ್ಕೆ ಬಿಗಿದುಕೊಂಡವು. ನನ್ನದನ್ನು ಬಿಚ್ಚಿದರೆ ಅವನದೂ ಬಿಚ್ಚುತ್ತದೆ.

ಅಧಿಕಾರಿ ನನ್ನ ಹೊಲಿಗೆಯ ಕುರ್ಚಿಯ ಮೇಲೆ ಕೂತರು. ಹವಾಲ್ದಾರರು ಬಾಗಿಲ ಬಳಿ ನಿಂತಿದ್ದರು, ಟೊಪ್ಪಿಗೆ ಕೈಯಲ್ಲಿ. ವೈನಿ ಕೂಸಿನ ಜೊತೆ ಮರಳಿ ಬಂದಿದ್ದಳು. ಈಗ ತುಂಬಿದ ತೊಟ್ಟಿಲನ್ನು ಅವ್ವ ತೂಗುತ್ತ ಕೂತಿದ್ದಳು.

“ಮನ್ಯಾಗ ಬ್ಯಾರೆ ಯಾರರ ಬಂದೂಕ ಮುಟ್ಟತಿದ್ರೇನು?”

“ಯಾರೂ ಇಲ್ರಿ ಸಾಹೇಬ್ರ. ನನ್ನ ಬಿಟ್ರ ಯಾರೂ ಮುಟ್ಟಂಗಿಲ್ಲ,” ಅಂದ ಅಣ್ಣ.

ಅಧಿಕಾರಿ ನನ್ನ ಕಡೆ ತಿರುಗಿದರು. “ನೀವಮ್ಮ?”

ಮಶೀನಿನ ಮೇಲೆ ಎಣ್ಣೆಯ ಸೀಸೆ ಇತ್ತು. ಹವಾಲ್ದಾರರ ಕಣ್ಣು ಆ ಸೀಸೆಯ ಮೇಲೆ ಇದ್ದದ್ದನ್ನು ನಾನು ನೋಡಿದೆ. ಬೋಲ್ಟು ಹೇಗೆ ನಿಲ್ಲುತ್ತದೆ ಅಂತ ಠಾಣೆಯಲ್ಲಿ ಹೇಳಿಕೊಟ್ಟವಳು ನಾನೇ ಅನ್ನುವುದು ಅವರಿಗೆ ನೆನಪಿತ್ತು. ಅವರು ಒಂದೇ ಒಂದು ಮಾತು ಅಂದರೆ ಮುಗಿಯಿತು.

“ಇಲ್ರಿ. ನಾ ಅದನ್ನ ಕಪಾಟಿನಿಂದ ಹೊರಗ ಸುದ್ದಾ ನೋಡಿಲ್ರಿ,” ಅಂದೆ.

ಕೇಳದೆ ಇದ್ದದ್ದನ್ನೂ ಸೇರಿಸಿ ಹೇಳಿದೆ. ಹವಾಲ್ದಾರರು ಸೀಸೆಯಿಂದ ಕಣ್ಣು ತೆಗೆದು ಟೊಪ್ಪಿಗೆ ಹಾಕಿಕೊಂಡರು. ಹೊರಡುವಾಗ ಅಣ್ಣನಿಗೆ ಮಾತ್ರ ಅಂದರು: “ನೀವು ಬಿಡಬ್ಯಾಡ ಅಂದ್ರಿ, ನಾ ಬಿಡಲಿಲ್ಲ. ಅಷ್ಟ ನೆನಪಿಟ್ಕೊರ್ರಿ.”

“ನಿಮ್ಮ ಹುಡುಗ್ರು ಬಿಟ್ಟಾರಲ್ಲ,” ಅಂದ ಅಣ್ಣ.

ನಿವೃತ್ತಿಗೆ ಎಂಟು ತಿಂಗಳು ಇರುವಾಗ ಹವಾಲ್ದಾರರನ್ನು ಬೇರೆ ತಾಲೂಕಿಗೆ ಹಾಕಿದರು. ಬೀಗದ ಕೈ ಇನ್ನೊಬ್ಬರ ಸೊಂಟಕ್ಕೆ ಹೋಯಿತು. ಅಲ್ಲೇ ನಿವೃತ್ತರಾದರು, ಇಲ್ಲಿ ಯಾರೂ ಹಾರ ಹಾಕಲಿಲ್ಲ. ವಿಚಾರಣೆ ಬಾಕಿ ಇದೆ ಅಂತ ಅವರ ಪಿಂಚಣಿಯ ಕಾಗದಗಳೂ ನಿಂತವು. ಬ್ಯಾಡಗಿಯ ಗೇಟಿಗೆ ಜೋಡಿ ನಳಿಗೆಯ ಬಂದೂಕಿನವನೊಬ್ಬ ಬಂದ. ಅಣ್ಣನನ್ನು ಮಾಲೀಕರು ಬಿಡಿಸಲಿಲ್ಲ, ಒಳಗೆ ಚೀಲಗಳ ಸಾಲಿನ ಬಳಿ ಕೋಲು ಕೊಟ್ಟು ನಿಲ್ಲಿಸಿದರು. ತಿಂಗಳಿಗೊಮ್ಮೆ ಬಿಳಿ ಅಂಗಿ ಹಾಕಿಕೊಂಡು ಹಾವೇರಿಗೆ ಹೋಗುತ್ತಿದ್ದ, ಮುಂದಿನ ತಾರೀಖು ತರುತ್ತಿದ್ದ. ಎರಡು ವರ್ಷ ಹೀಗೆ ನಡೆಯಿತು. ಪ್ರತಿ ಸಲ ಅವನ ಅಂಗಿಗೆ ಇಸ್ತ್ರಿ ಮಾಡಿದವಳು ನಾನು.

ಹವಾಲ್ದಾರರ ಕಾಗದ ನಿಂತ ಸುದ್ದಿ ನನಗೆ ತಿಳಿದದ್ದು ಐರಣಿಯಿಂದ ಜಂಪರು ಹೊಲಿಸಲು ಬರುವ ಒಬ್ಬ ಹೆಂಗಸಿನಿಂದ. ಹವಾಲ್ದಾರರದೂ ಅದೇ ಊರಂತೆ, ಹೊಳೆಯ ದಂಡೆಗೆ ಸ್ವಲ್ಪ ಭೂಮಿ. ಹೊಲಿದ ಜಂಪರು ಕೊಟ್ಟುಬರುತ್ತೇನೆ ಅಂತ ಅವ್ವನಿಗೆ ಹೇಳಿ ಬಸ್ಸು ಹತ್ತಿದೆ. ಅವರು ಬದನೆಯ ಗಿಡಗಳಿಗೆ ನೀರು ತಿರುವುತ್ತಿದ್ದರು. ಸಮವಸ್ತ್ರ ಇಲ್ಲದೆ ಸಣ್ಣವರಾಗಿ ಕಂಡರು. ನಾನು ಬದುವಿನ ಮೇಲೆ ನಿಂತೇ ಇದ್ದೆ. ಅವರೇ ಸಲಿಕೆ ಊರಿ ನಿಂತರು.

“ನೀನ ಹೊಡದದ್ದು ಹೌದಲ್ಲ ತಂಗೆವ್ವ?”

“ಹೌದ್ರಿ.”

“ಠಾಣ್ಯಾಗ ಬೋಲ್ಟ ನಿಲ್ಲಸೋದ ಹೇಳಿದ್ಯಲ್ಲ, ಅವತ್ತ ಗೊತ್ತಾತು ನಂಗ. ಒರಸೋರಿಗೆ ಹಂಗ ಗೊತ್ತಿರಂಗಿಲ್ಲ, ದಿನಾ ಎಳಿಯೋರಿಗೆ ಗೊತ್ತಿರತೈತಿ.”

“ಮತ್ತ ಯಾಕ ಹೇಳಲಿಲ್ರಿ?”

“ಹೇಳಿದ್ರ ನಿನ್ನ ಮ್ಯಾಲ, ನಿಮ್ಮಣ್ಣನ ಮ್ಯಾಲ ಇಬ್ಬರ ಮ್ಯಾಲೂ ಆಗತಿತ್ತು. ನೀ ಹೇಳ್ತೀ ಅಂತ ಮಾಡಿದ್ದೆ. ಇವತ್ತ ಹೇಳ್ತಾಳ, ನಾಳೆ ಹೇಳ್ತಾಳ ಅಂತ ಕಾದೆ.” ಅವರು ನಕ್ಕರು. “ಬಾಳ ತಡಾ ಮಾಡಿದಿ.”

ಬೈಯಲಿಲ್ಲ. ಬೈದಿದ್ದರೆ ಬಸ್ಸಿನಲ್ಲಿ ಮರಳಿ ಬರುವಾಗ ನಾನು ಅಷ್ಟು ಕುಗ್ಗುತ್ತಿರಲಿಲ್ಲ.

ಆ ದಿನವೇ ಅಣ್ಣನಿಗೆ ಹೇಳಿದೆ. ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ. ಹಿತ್ತಲಿನಲ್ಲಿ, ಅವನು ನನಗೆ ಸುಳ್ಳು ಕಲಿಸಿದ ಜಾಗದಲ್ಲೇ, ನಿಂತು ಹೇಳಿದೆ. ಅವನು ತಂಬಿಗೆ ಕೆಳಗಿಟ್ಟ.

“ಎಷ್ಟ ಸರ್ತಿ?”

“ಎಣಸಲಿಲ್ಲ.”

“ಎಣಸಬೇಕಿತ್ತು,” ಅಂದ. ಕಾಲು ಒರೆಸಿಕೊಂಡು, “ಯಾಕ?” ಅಂದ.

ತೊಟ್ಟಿಲಿನ ವಿಷಯ ಹೇಳಲು ಬಾಯಿ ತೆರೆದೆ. ಒಳಗೆ ಅವ್ವ ಕೂಸಿಗೆ ಜೋಗುಳ ಹಾಡುತ್ತಿದ್ದಳು. ನಾನು ಬಗ್ಗಿ ತಂಬಿಗೆ ಎತ್ತಿಕೊಂಡೆ. ಅವನು ಕಾಯದೆ ಒಳಗೆ ಹೋದ.

ಮುಂದಿನ ತಾರೀಖಿಗೆ ಬಿಳಿ ಅಂಗಿ ಹಾಕಿಕೊಂಡು ಹಾವೇರಿಗೆ ಹೋದ. ನಾನೂ ಬರುತ್ತೇನೆ, ನಾನೇ ಹೇಳುತ್ತೇನೆ ಅಂದೆ. “ನೀ ಬಾಯಿ ಬಿಟ್ರ ಇಬ್ಬರೂ ಜೈಲಿಗೆ ಹೋಗ್ತೇವಿ. ಮನ್ಯಾಗ ಇರು,” ಅಂದ. ಅಲ್ಲಿ ಹೋಗಿ ಬರೆದುಕೊಟ್ಟ: ಬಂದೂಕನ್ನು ಠಾಣೆಗೆ ಕೊಡುವ ಮುಂಚೆ ನಾನೇ ಮನೆಯಲ್ಲಿ ಅನೇಕ ಸಲ ಖಾಲಿ ಹೊಡೆದಿದ್ದೆ, ಕೆಲಸ ಹೋದೀತೆಂಬ ಭಯಕ್ಕೆ ಠಾಣೆಯವರ ಮೇಲೆ ಸುಳ್ಳು ಹೇಳಿದೆ, ತಕರಾರು ವಾಪಸು ತೆಗೆದುಕೊಳ್ಳುತ್ತೇನೆ. ಸುಳ್ಳು ಅರ್ಜಿ ಕೊಟ್ಟದ್ದಕ್ಕೆ ಬೈಸಿಕೊಂಡ. ಲೈಸೆನ್ಸು ರದ್ದಾಯಿತು. ಹವಾಲ್ದಾರರ ಕಾಗದಗಳು ಮುಂದಕ್ಕೆ ಹೋದವು, ಪಿಂಚಣಿ ಬಂತು ಅಂತ ಐರಣಿಯ ಹೆಂಗಸು ಹೇಳಿದಳು.

ಬ್ಯಾಡಗಿಯಲ್ಲಿ ಸುದ್ದಿ ಹಬ್ಬಲು ಎರಡು ದಿನ ಸಾಕಾಯಿತು. ಹಮಾಲರು ಈಗ ಅವನನ್ನು ಕಾಡಿಸುವುದು ಬೇರೆ ಮಾತಿನಿಂದ. ಡಬ್ಬಿ ಕೊಡಲು ಹೋದಾಗ ಕೇಳಿಸಿಕೊಂಡೆ.

“ಏ ಖಾಲಿ ಘೋಡಾ, ಈ ಚೀಲಾ ಎಣಸೀದೇನು?”

ಅಣ್ಣ ಕೋಲು ಬಗಲಿಗೆ ಸಿಕ್ಕಿಸಿ ಚೀಲ ಎಣಿಸತೊಡಗಿದ. ಮೊದಲಾಗಿದ್ದರೆ ‘ನಿನ್ನ ಕಿಸೆ ತೋರ್ಸು’ ಅನ್ನುತ್ತಿದ್ದ. ಅಪ್ಪನ ಮಾತನ್ನು ಒಂದು ದಿನವೂ ಮುರಿಯದವನಿಗೆ ಅದನ್ನು ಮುರಿದವನು ಅಂತಲೇ ಹೆಸರು ಬಿದ್ದಿದೆ. ಅದನ್ನು ಕೇಳಿಕೊಂಡು ನಾನು ಖಾಲಿ ಡಬ್ಬಿ ತೆಗೆದುಕೊಂಡು ಮನೆಗೆ ಬರುತ್ತೇನೆ. ಅವ್ವ ಈಗಿಲ್ಲ. ಸಾಯುವವರೆಗೂ ಅವಳು, “ನಿಮ್ಮಪ್ಪ ಅಷ್ಟ ಹೇಳಿದ್ದ, ಕೇಳಲಿಲ್ಲ ನೋಡು,” ಅಂತ ಅವನನ್ನೇ ಬೈದಳು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಅಣ್ಣ ನನ್ನ ಕಡೆ ನೋಡಿ ಬೇಡ ಅಂತ ತಲೆ ಅಲ್ಲಾಡಿಸುತ್ತಿದ್ದ.

ಖಾಲಿ ಹೊಡೆದವನು ಅವನಲ್ಲ. ಹೊಡೆದವಳು ನಾನು. ಬಾಯಿ ಬಿಡಬೇಡ ಅಂದಿದ್ದಾನೆ, ಬರೆಯಬೇಡ ಅಂದಿಲ್ಲ. ಇದರಲ್ಲಿ ಯಾರ ಹೆಸರನ್ನೂ ಹಾಕದೆ ಇರುವುದು ಅದಕ್ಕೇ.

ಲೈಸೆನ್ಸು ರದ್ದಾದ ದಿನ ಅವನು ಠಾಣೆಗೆ ಹೋಗಿ ಹೊಸ ಹವಾಲ್ದಾರರಲ್ಲಿ ಒಂದೇ ಒಂದು ಬೇಡಿಕೊಂಡಿದ್ದನಂತೆ. ಆ ಹಿತ್ತಾಳೆ ಕೊಳವೆ ಇಟ್ಟು ಒಮ್ಮೆ ಘೋಡಾ ಬಿಡುತ್ತೇನೆ, ಎರಡು ವರ್ಷದಿಂದ ಏರಿಸಿದ ಹಾಗೇ ಇದೆ, ಒಳಗಿನ ಸ್ಪ್ರಿಂಗು ಸಾಯುತ್ತದೆ ಅಂದನಂತೆ. ಈಗ ನಿನಗೆ ಅದನ್ನು ಮುಟ್ಟುವ ಹಕ್ಕಿಲ್ಲ ಅಂದರಂತೆ ಅವರು. ನೀವೇ ಬಿಡಿ ಅಂದರೆ, ಚೀಟಿಯಲ್ಲಿ ಬಿಟ್ಟಿಲ್ಲ ಅಂತ ಇದೆ, ಇದ್ದ ಹಾಗೆ ಇಡಬೇಕು ಅಂದರಂತೆ. ಕೊಳವೆಯನ್ನು ಮರಳಿ ತಂದು ನನ್ನ ಮಶೀನಿನ ಮೇಲೆ, ಎಣ್ಣೆಯ ಸೀಸೆಯ ಪಕ್ಕದಲ್ಲಿ ಇಟ್ಟ. ಇನ್ನೂ ಅಲ್ಲೇ ಇದೆ. ನಾನು ತುಳಿದಾಗಲೆಲ್ಲ ಅದು ಸಣ್ಣಗೆ ನಡುಗುತ್ತದೆ.

ಬಂದೂಕು ಆ ಕೋಣೆಯಲ್ಲಿದೆ. ಘೋಡಾ ಏರಿದ ಹಾಗೆಯೇ ಇದೆ. ಅದನ್ನು ಇಳಿಸುವ ಹಕ್ಕು ಈಗ ಯಾರಿಗೂ ಇಲ್ಲ.